ಪ್ರತಿಕ್ರಿಯೆ: ಅಮ್ಮನನ್ನು ಮಂಡಿನೋವಿನ ಅಧ್ಯಯನಕ್ಕೆ ಸೇರಿಸಬಹುದಾ?

ಪಾವಗಡದ ನಿಮ್ಮ ಅಮ್ಮನನ್ನು ಬೆಂಗಳೂರಿನ ಮೂಳೆ ಆಸ್ಪತ್ರೆಯವರು ಮಂಡಿನೋವಿನ ಸಂಶೋಧನೆಗೆ ಕರೆದಿದ್ದಾರೆ, ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬಹುದು. ಆದರೆ ಸುಮ್ನೆ ಹೆಬ್ಬೆಟ್ಟು ಒತ್ತಿಸಬೇಡಿ. ಮಾಹಿತಿ ಪತ್ರ ಕನ್ನಡದಲ್ಲೇ ಬೇಕು ಅನ್ನಿ, ಮನೆಗೆ ತಂದು ಅಮ್ಮನಿಗೆ ಓದಿ ಹೇಳಿ. ಒಪ್ಪಬೇಕಾದವರು ಅವರು, ನೀವಲ್ಲ. ಬೇಡ ಅಂದರೂ, ನಡುವೆ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಹೊಸ ಔಷಧಿಯ ಪರೀಕ್ಷೆ ಆದರೆ ಸಿಟಿಆರ್‌ಐ, ಅಂದರೆ ದೇಶದಲ್ಲಿ ನಡೆಯುವ ಇಂಥ ಪರೀಕ್ಷೆಗಳ ಸರ್ಕಾರಿ ಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ಆ ಪಟ್ಟಿಯನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ನೀರಿನ ವಿಷಯ. ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ? ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಕೊನೆಯ ಮಿತಿ. ಅದಕ್ಕಿಂತ ತುಂಬಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಬೆನ್ನು, ಕೀಲುಗಳು ಬಿಗಿಯುತ್ತವೆ. ಶುರುವಿನಲ್ಲಿ ಅದು ಮಾಮೂಲಿ ಸಂಧಿವಾತದ ಹಾಗೇ ಕಾಣುತ್ತದೆ. ಹಾಗಾಗಿ ಅಮ್ಮ ಯಾವ ನೀರನ್ನು ಎಷ್ಟು ವರ್ಷ ಕುಡಿದರು ಅನ್ನೋದನ್ನು ಡಾಕ್ಟರಿಗೆ ನೀವೇ ಹೇಳಿ, ಅವರು ಕೇಳದಿದ್ದರೂ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೆನಪಿರಲಿ.

ಅಧ್ಯಯನ ಮುಗಿದ ಮೇಲೆ ಏನು ಗೊತ್ತಾಯಿತು ಅಂತ ನಿಮ್ಮೂರಿಗೇ ಬಂದು ಹೇಳ್ತೀರಾ ಅಂತಲೂ ಕೇಳಿ. ಮೈ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿದೆ.