ಅಪ್ಪಾಜಿ ಯಾವ ಕಳ್ಳನನ್ನು ಹಿಡಿದಿದ್ದರು?

ದಾವಣಗೆರೆಯ ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ: "ನಮ್ಮ ಅಪ್ಪಾಜಿ 1976ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, 2013ರಲ್ಲಿ ಎಎಸ್‌ಐ ಆಗಿ ನಿವೃತ್ತರಾದರು. ಹೋದ ತಿಂಗಳು ತೀರಿಕೊಂಡರು. ನಿಮ್ಮ ನೆನಪಿನ ಪುಟಕ್ಕೆ ಬರೆಯೋಣ ಎಂದು ಕೂತರೆ ನನಗೆ ಒಂದು ಕೇಸಿನ ಕಥೆಯೂ ಗೊತ್ತಿಲ್ಲ. ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ‘ಯಾವ ದೊಡ್ಡ ಕಳ್ಳನ್ನ ಹಿಡಿದಿದ್ರು?’ ಎಂದು ಕೇಳುತ್ತಾರೆ. ಅವರು ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ನಮಗೆ ಗೊತ್ತಿರುವುದು ಮನೆಯ ಅಪ್ಪಾಜಿ ಮಾತ್ರ. ಅದನ್ನು ಬರೆದರೆ ಹಾಕುತ್ತೀರಾ? ಎರಡು ಪುಟ ಗೀಚಿದ್ದೇನೆ, ಜೊತೆಗಿದೆ."

ಸಹೋದರಿ, ನಮಸ್ಕಾರ.

ಹಾಕುತ್ತೇವೆ. ಆದರೆ ಆ ಎರಡು ಪುಟದಲ್ಲಿ ಮೊದಲನೆಯದು ಬೇಡ. ‘ಕರ್ತವ್ಯನಿಷ್ಠೆ, ಶಿಸ್ತು, ಪ್ರಾಮಾಣಿಕತೆಗೆ ಹೆಸರಾಗಿದ್ದ’ ಎಂದು ಶುರು ಮಾಡಿದ್ದೀರಿ. ಬೀಳ್ಕೊಡುಗೆ ಸಮಾರಂಭದಲ್ಲಿ ಸಾಹೇಬರು ಓದುವ ಸಾಲು ಅದು. ಎರಡನೇ ಪುಟದಲ್ಲಿ ನೀವೇ ಮಾತಾಡಿದ್ದೀರಿ. ಅಲ್ಲಿಂದ ಶುರು ಮಾಡಿ.

ಈ ವಿಷಯದಲ್ಲಿ ನನ್ನದೊಂದು ತಪ್ಪಿದೆ, ಮೊದಲು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ನಿವೃತ್ತ ಇನ್‌ಸ್ಪೆಕ್ಟರ್ ಒಬ್ಬರ ಮಗ ಇಂಥದ್ದೇ ಬರಹ ಕಳಿಸಿದ್ದರು. ಜಾಗ ಕಡಿಮೆ ಇತ್ತು. ಠಾಣೆಗಳ ಹೆಸರು, ಬಡ್ತಿ, ಪದಕ ಎಲ್ಲ ಉಳಿಸಿಕೊಂಡೆ. ಕೊನೆಯ ಪ್ಯಾರಾಕ್ಕೆ ಕತ್ತರಿ ಹಾಕಿದೆ. ಲಕ್ವ ಹೊಡೆದು ಮಲಗಿದ್ದ ಹೆಂಡತಿಗೆ ಆ ಮನುಷ್ಯ ದಿನಾ ಬೆಳಗ್ಗೆ ತಲೆ ಬಾಚಿ ಜಡೆ ಹಾಕುತ್ತಿದ್ದರು ಎಂಬ ಮಾತು ಅದರಲ್ಲಿತ್ತು. ಪತ್ರಿಕೆ ಕೈಗೆ ಸಿಕ್ಕ ಮೇಲೆ ಮಗ ಒಂದು ಕಾರ್ಡು ಬರೆದರು: "ನೀವು ಅಚ್ಚು ಹಾಕಿದ್ದು ಸರ್ವಿಸ್ ರಿಜಿಸ್ಟರು. ನಮ್ಮಪ್ಪ ಅದರಲ್ಲಿ ಕಾಣಲಿಲ್ಲ." ಆ ಕಾರ್ಡು ಇನ್ನೂ ನನ್ನ ಟೇಬಲ್ಲಿನ ಗಾಜಿನ ಕೆಳಗೇ ಇದೆ.

ಕೇಸಿನ ಕಥೆ ಯಾಕಿಲ್ಲ ಎಂದು ಕೇಳುತ್ತೀರಿ. ಇರಲಿಲ್ಲ ಎಂದು ನನಗೆ ಅನಿಸುವುದಿಲ್ಲ. ನಿಮ್ಮ ಪತ್ರದಲ್ಲೇ ಒಂದಿದೆ, ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. "ಕೆಲವು ದಿನ ಅಪ್ಪಾಜಿ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅಮ್ಮ ಏನೂ ಕೇಳದೆ ಅಲ್ಲೇ ಬಿಸಿನೀರು ಇಡುತ್ತಿದ್ದರು. ಸ್ನಾನ ಆಗುವವರೆಗೆ ನಮ್ಮನ್ನು ಮುಟ್ಟುತ್ತಿರಲಿಲ್ಲ" ಎಂದು ಬರೆದಿದ್ದೀರಿ. ಆ ದಿನಗಳು ಯಾವುವು ಅಂತ ಅಮ್ಮನನ್ನು ಕೇಳಿದ್ದೀರಾ?

ಯುಡಿಆರ್ ಎಂಬ ಮಾತು ಕ್ವಾರ್ಟರ್ಸ್‌ನಲ್ಲಿ ಬೆಳೆದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಅಸಹಜ ಸಾವಿನ ವರದಿ. ಆಗ ಸಿಆರ್‌ಪಿಸಿ ಎಂಬ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 194. ಕೆರೆಗೆ ಬಿದ್ದವರು, ನೇಣು ಹಾಕಿಕೊಂಡವರು, ರೈಲಿಗೆ ಸಿಕ್ಕವರು, ಊರು ಹೆಸರು ಗೊತ್ತಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಸತ್ತವರು. ಶವ ಪಂಚನಾಮೆಗೆ ಸಹಿ ಹಾಕಿ ಸಾಹೇಬರು ಹೋಗುತ್ತಾರೆ. ಹೆಣದ ಪಕ್ಕ ನಿಲ್ಲುವವರು ಕಾನ್‌ಸ್ಟೇಬಲ್ಲು. ಪೋಸ್ಟ್‌ಮಾರ್ಟಂಗೆ ಕರೆದುಕೊಂಡು ಹೋಗುವುದು, ಡಾಕ್ಟರು ಬರುವವರೆಗೆ ಶವಾಗಾರದ ಮುಂದೆ ಕಾಯುವುದು, ಅಳುತ್ತಿರುವ ತಾಯಿಯ ಕೈಯಲ್ಲಿ ಸಹಿ ಹಾಕಿಸಿಕೊಂಡು ಮಗನ ದೇಹ ಒಪ್ಪಿಸುವುದು, ಎಲ್ಲ ಅವರೇ. ಪೇಪರಿನಲ್ಲಿ ಇದು ನಾಲ್ಕು ಸಾಲು. ಠಾಣೆಯಲ್ಲಿ ಒಂದು ನಂಬರು. ಇದನ್ನೆಲ್ಲ ನೋಡಿ ಬಂದ ಮನುಷ್ಯ ಊಟಕ್ಕೆ ಕೂತಾಗ ಮಕ್ಕಳಿಗೆ ಏನಂತ ಹೇಳಬೇಕು? ನನ್ನ ಊಹೆ ತಪ್ಪೂ ಇರಬಹುದು. ಆದರೆ ಆ ಬಿಸಿನೀರಿನ ಹಂಡೆಯ ಬಗ್ಗೆ ಒಂದು ಪುಟ ಬರೆಯಿರಿ. ಅಮ್ಮ ಹೇಳಿದ್ದನ್ನು ಅಮ್ಮನ ಮಾತಿನಲ್ಲೇ ಬರೆಯಿರಿ.

ದುಗ್ಗಮ್ಮನ ಜಾತ್ರೆಯ ಪ್ರಸಂಗ ಓದಿ ನಾವು ಕಚೇರಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಅಪ್ಪಾಜಿಗೆ ಬಂದೋಬಸ್ತ್. ಅಮ್ಮ ನಿಮ್ಮನ್ನೂ ತಮ್ಮನನ್ನೂ ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಬ್ಯಾರಿಕೇಡಿನ ಹತ್ತಿರ ಬಂದರೆ ಅಪ್ಪಾಜಿ ಸ್ವಂತ ಹೆಂಡತಿಗೇ "ನಿಲ್ಲಬೇಡ್ರಿ ಅಕ್ಕಾರೆ, ಮುಂದೆ ನಡೀರಿ" ಅಂದರಂತೆ. ಅಮ್ಮ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಅವರು ತಂದ ಬೆಂಡು ಬತ್ತಾಸಿನ ಪೊಟ್ಟಣಕ್ಕೂ ಕರಗಲಿಲ್ಲವಂತೆ. ಇದನ್ನು ಒಂದಕ್ಷರವೂ ತಿದ್ದಬೇಡಿ.

ಹಬ್ಬಕ್ಕೆ ಅಪ್ಪಾಜಿ ಮನೆಯಲ್ಲಿ ಇರುತ್ತಿರಲಿಲ್ಲ ಎಂದು ಬರೆದಿದ್ದೀರಿ, ಸರಿ. ಆದರೆ ಹೊರಗಿನವರಿಗೆ ಅದು ಒಂದು ದಿನದ ಮಾತು ಅನಿಸುತ್ತದೆ. ಗಣೇಶನ ಹಬ್ಬವನ್ನೇ ತೆಗೆದುಕೊಳ್ಳಿ. ಮೊದಲು ಠಾಣೆಯಲ್ಲಿ ಶಾಂತಿ ಸಭೆ. ಆಮೇಲೆ ಕೂರಿಸುವ ದಿನ. ಆಮೇಲೆ ಮೂರನೇ ದಿನ, ಐದನೇ ದಿನ, ಒಂಬತ್ತನೇ ದಿನ, ಹೀಗೆ ಒಂದೊಂದು ಬಡಾವಣೆಯ ಗಣಪ ಒಂದೊಂದು ದಿನ ಹೊರಡುತ್ತಾನೆ. ಪ್ರತಿ ಮೆರವಣಿಗೆಗೂ ಪೊಲೀಸರು ಬೇಕು. ನಮಗೆ ಕಡುಬು ತಿಂದು ಮುಗಿದ ಹಬ್ಬ, ನಿಮ್ಮ ಮನೆಗೆ ವಾರಗಟ್ಟಲೆ ಮುಗಿಯುತ್ತಿರಲಿಲ್ಲ. ಅಪ್ಪಾಜಿಯ ಪಾಲಿನ ಕಡುಬು ಎಷ್ಟು ದಿನ ಇಡುತ್ತಿದ್ದಿರಿ? ಅದನ್ನು ಬರೆಯಿರಿ.

ವರ್ಷಗಳು ನೆನಪಿಲ್ಲ ಎಂದು ಚಿಂತೆ ಮಾಡಬೇಡಿ. ನಿಮ್ಮ, ನಿಮ್ಮ ತಮ್ಮನ ಶಾಲೆಯ ಟಿ.ಸಿ.ಗಳನ್ನು ಹುಡುಕಿ. ಮೊಳಕಾಲ್ಮೂರಿನಿಂದ ಜಗಳೂರು, ಅಲ್ಲಿಂದ ಹರಿಹರ, ಆಮೇಲೆ ದಾವಣಗೆರೆ ಎಂದಿದ್ದೀರಲ್ಲ, ಅಪ್ಪಾಜಿಯ ಇಡೀ ವರ್ಗಾವಣೆ ಪಟ್ಟಿ ಅದರಲ್ಲೇ ಸಿಗುತ್ತದೆ. ಅಂದಹಾಗೆ, ಕೆಲಸಕ್ಕೆ ಸೇರಿದಾಗ ಇವೆಲ್ಲ ಚಿತ್ರದುರ್ಗ ಜಿಲ್ಲೆ. 1997ರಲ್ಲಿ, ಮೊಳಕಾಲ್ಮೂರು ಬಿಟ್ಟು ಉಳಿದದ್ದು ದಾವಣಗೆರೆ ಜಿಲ್ಲೆ ಆಯಿತು. ಜಿಲ್ಲೆ ದಾಟದೆಯೇ ಅವರಿಗೆ ಜಿಲ್ಲೆ ಬದಲಾಯಿತು ನೋಡಿ!

2008ರ ಸಂಗತಿಯೂ ಇರಲಿ. ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದಾಗ ಕ್ವಾರ್ಟರ್ಸ್‌ನವರೆಲ್ಲ ಖುಷಿಯಾಗಿದ್ದರೆ, ಅಮ್ಮ ಮಾತ್ರ ಒಲೆ ಮುಂದೆ ಕೂತು "ಇನ್ನೂ ಎರಡು ವರ್ಷ ಕಾಯಬೇಕಲ್ಲಪ್ಪ" ಅಂದರು ಎಂದಿದ್ದೀರಿ. ಸಿಟ್ಟನ್ನೂ ಬರೆಯಿರಿ, ಮುಚ್ಚಿಡಬೇಡಿ. ನಿಮ್ಮ ಪತ್ರದಲ್ಲಿ ಒಂದು ಕಡೆ "ಅವರು ನಮಗೆ ಸಿಕ್ಕಿದ್ದೇ ಕಡಿಮೆ" ಎಂದು ಬರೆದು, ಹೊಡೆದು ಹಾಕಿದ್ದೀರಿ. ಹೊಡೆದರೂ ಓದಲು ಬರುತ್ತದೆ. ದಯವಿಟ್ಟು ವಾಪಸ್ ಸೇರಿಸಿ. ಸಿಕ್ಕ ಆ ಸ್ವಲ್ಪದಲ್ಲೇ ಅಪ್ಪಾಜಿ ಏನೇನು ಮಾಡಿದರು ಎಂಬುದು ಆಗ ಕಾಣುತ್ತದೆ.

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಸಿಕ್ಕಿ ಸತ್ತ 10 ಪೊಲೀಸರ ನೆನಪಿಗೆ ಶುರುವಾದದ್ದು. ಅಂದು ಡ್ಯೂಟಿಯಲ್ಲಿ ಸತ್ತವರ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಓದಲೇಬೇಕು. ಆದರೆ 37 ವರ್ಷ ಕೆಲಸ ಮಾಡಿ, ಕ್ಷೇಮವಾಗಿ ಮನೆಗೆ ಬಂದು, ಮೊಮ್ಮಗನನ್ನು ಶಾಲೆಗೆ ಬಿಟ್ಟು, ಹಾಲು ತಂದು, ತಮ್ಮ ಹಾಸಿಗೆಯಲ್ಲಿ ಕಣ್ಣು ಮುಚ್ಚಿದವರ ಹೆಸರು ಆ ಪಟ್ಟಿಗೆ ಬರುವುದಿಲ್ಲ. ಅದು ಮನೆಯವರೇ ಬರೆಯಬೇಕಾದದ್ದು. ನಮ್ಮ ಪುಟ ಇರುವುದೇ ಅದಕ್ಕೆ.

ಹ್ಯಾಟಿನ ಫೋಟೋ ಕಳಿಸಲಾ ಎಂದು ಕೇಳಿದ್ದೀರಿ. ಕಳಿಸಿ. ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗಿನ ಆ ಹ್ಯಾಟು, ಒಂದು ಕಡೆ ಅಂಚು ಮೇಲೆ ಮಡಿಚಿದ್ದು, ಬೀರುವಿನಲ್ಲಿ ನ್ಯಾಫ್ತಲೀನ್ ಗುಳಿಗೆ ಜೊತೆ ಇದೆ ಅಂದಿರಲ್ಲ. 2025ರ ಅಕ್ಟೋಬರ್ 28ರಂದು ವಿಧಾನಸೌಧದಲ್ಲಿ ನೀಲಿ ಪೀಕ್ ಕ್ಯಾಪ್ ಕೊಟ್ಟ ಮೇಲೆ ಆ ಸ್ಲೋಚ್ ಹ್ಯಾಟಿನ ಕಾಲ ಮುಗಿಯಿತು. ಓಡುವಾಗ ಬಿದ್ದುಹೋಗುತ್ತದೆ ಎಂದು ಹಾಕಿಕೊಳ್ಳುವವರೇ ಬೈಯುತ್ತಿದ್ದ ಟೋಪಿ, ನನಗೇನೂ ಬೇಜಾರಿಲ್ಲ. ಆದರೆ ಮೊಮ್ಮಗ ಅದನ್ನು ಹಾಕಿಕೊಂಡು, ಕಣ್ಣು ಮುಚ್ಚಿಹೋಗಿ, ಗೋಡೆಗೆ ಡಿಕ್ಕಿ ಹೊಡೆದ ಕಥೆ ಫೋಟೋ ಜೊತೆ ಬೇಕು. ಅಪ್ಪಾಜಿಯ ಯೂನಿಫಾರ್ಮಿನ ಫೋಟೋ ಒಂದು ಸಾಕು. ಲುಂಗಿಯಲ್ಲಿ ಕಟ್ಟೆ ಮೇಲೆ ಕೂತದ್ದು ಇದ್ದರೆ ಅದನ್ನೇ ದೊಡ್ಡದಾಗಿ ಹಾಕೋಣ.

ಏಪ್ರಿಲ್ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಏಪ್ರಿಲ್ 2 ಪೊಲೀಸ್ ಧ್ವಜ ದಿನ. ನಮ್ಮ ರಾಜ್ಯದ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದದ್ದು ಅದೇ ದಿನ. ಅವತ್ತು ಪರೇಡಿನಲ್ಲಿ ನಿವೃತ್ತ ಪೊಲೀಸರೊಬ್ಬರನ್ನು ಕರೆದು ಗೌರವ ವಂದನೆ ಕೊಡುವ ಒಳ್ಳೆಯ ಪದ್ಧತಿ ಇದೆ.

ಶುರು ಎಲ್ಲಿಂದ ಮಾಡಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ನಿಮ್ಮ ಎಸ್ಸೆಸ್ಸೆಲ್ಸಿ ವರ್ಷದಿಂದ ಮಾಡಿ. ರಾತ್ರಿ ಬೀಟು, ಅಂದರೆ ಗಸ್ತು. ಬ್ಯಾಂಕಿನ ಹತ್ತಿರದ ಬೀಟ್ ಪುಸ್ತಕಕ್ಕೆ ಸಹಿ ಹಾಕಿ, ಸೈಕಲ್ಲಿನಲ್ಲಿ ಮನೆ ಮುಂದೆ ಬಂದು, ಕಿಟಕಿ ಕೆಳಗೆ ಒಂದು ಸಲ ಮೆಲ್ಲಗೆ ಸೀಟಿ ಊದುತ್ತಿದ್ದರು. ಓದುತ್ತಿದ್ದೀಯಾ ಅಂತ ಕಾವಲು ಕಾಯುತ್ತಾರೆ ಎಂದು ನೀವು ಸಿಟ್ಟಾಗಿ ಪುಸ್ತಕ ಎತ್ತಿ ತೋರಿಸುತ್ತಿದ್ದಿರಿ. ಈಗ ಹೋದ ತಿಂಗಳು ಅಮ್ಮ ಹೇಳಿದರಂತೆ, "ಅದು ಓದು ಅಂತ ಅಲ್ಲವೇ, ದೀಪ ಆರಿಸಿ ಮಲಕ್ಕೋ ಅಂತ."

ಅಲ್ಲಿಂದ ಶುರು ಮಾಡಿ. ಫೆಬ್ರವರಿ ಕೊನೆಯೊಳಗೆ ನಮ್ಮ ಕೈಸೇರಲಿ. ಜಾಸ್ತಿ ಉದ್ದ ಆದರೂ ಪರವಾಗಿಲ್ಲ, ಈ ಸಲ ಕತ್ತರಿ ಹಾಕುವುದಿಲ್ಲ.

ಸಂಪಾದಕ