ರಾಜ್ಯ ಸ್ವತಂತ್ರ, ಸೋಮವಾರ ಹರಾಜು

ಗುಲಾಮಗಿರಿ ನಿಷೇಧಿಸಿಯೇ ಅಮೆರಿಕದ ಒಕ್ಕೂಟ ಸೇರಿದ ಕ್ಯಾಲಿಫೋರ್ನಿಯಾದಲ್ಲಿ ಜೀತ ಹೇಗಿತ್ತು ಅಂತ ಕೇಳಿದ್ದೀರಿ. 1849ರ ಸಂವಿಧಾನದಲ್ಲಿ ನಿಷೇಧ ಇದ್ದದ್ದು ನಿಜ ಸಾರ್. ಆದರೆ 1850ರಲ್ಲೇ ಮೂಲನಿವಾಸಿಗಳ 'ರಕ್ಷಣೆ'ಗೆ ಅಂತ ಒಂದು ಕಾಯ್ದೆ ಬಂತು (ಹೆಸರು ನೋಡಿ!). ಕೆಲಸವಿಲ್ಲದೆ ಅಲೆಯುತ್ತಿದ್ದಾನೆ ಅಂತ ಬಿಳಿಯನೊಬ್ಬ ದೂರಿದರೆ ಸಾಕು, ಹಿಡಿದು ಹರಾಜು ಹಾಕಬಹುದಿತ್ತು. ನಾಲ್ಕು ತಿಂಗಳವರೆಗೆ ದುಡಿಮೆ. ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಕುಡಿದು ಬಿದ್ದ ಮೂಲನಿವಾಸಿಗಳನ್ನು ದೊಡ್ಡಿಗೆ ತುಂಬಿ, ಸೋಮವಾರ ದ್ರಾಕ್ಷಿತೋಟದವರಿಗೆ ಕೂಗಿ ಮಾರುತ್ತಿದ್ದರು. ವಾರದ ಕೂಲಿಯಲ್ಲೂ ಒಂದು ಪಾಲು ಬ್ರಾಂದಿ. ಮುಂದಿನ ಭಾನುವಾರ ಮತ್ತೆ ಅದೇ ದೊಡ್ಡಿ! ಮೂಲನಿವಾಸಿಯ ಸಾಕ್ಷ್ಯದ ಮೇಲೆ ಬಿಳಿಯನಿಗೆ ಶಿಕ್ಷೆ ಕೊಡುವಂತೆಯೂ ಇರಲಿಲ್ಲ.

ಕರಿಯರ ಪಾಡೂ ಅಷ್ಟೇ. ಬಿಡ್ಡಿ ಮೇಸನ್ ಎಂಬಾಕೆಯನ್ನು ಒಡೆಯ 1851ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆತಂದ. ಬಿಡುಗಡೆ ಸಿಕ್ಕಿದ್ದು 1856ರಲ್ಲಿ, ಅದೂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ.