ಕೆಳಗೆ ಮಳೆ, ಮೇಲೆ ಹಿಮ: ವ್ಯಾಂಕೂವರಿನ ಚಳಿಗಾಲ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೊರಟಿರುವ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ವ್ಯಾಂಕೂವರಿನಲ್ಲಿ ಎರಡು ಚಳಿಗಾಲಗಳನ್ನು ಕಳೆದ, ಮೊದಲನೆಯದರ ಬಹುಭಾಗವನ್ನು ಕಿಟಕಿಯ ಬಳಿ ಮಳೆ ನೋಡುತ್ತಲೇ ಹಾಳುಮಾಡಿಕೊಂಡ ಅನುಭವ ಈ ಉತ್ತರಗಳ ಹಿಂದಿದೆ.

ಡಿಸೆಂಬರ್ ಎರಡನೆಯ ವಾರದಿಂದ ಜನವರಿ ಕೊನೆಯವರೆಗೆ ನಾನು ಮತ್ತು ನಮ್ಮ ಯಜಮಾನರು ವ್ಯಾಂಕೂವರಿನಲ್ಲಿ ಮಗಳ ಮನೆಯಲ್ಲಿರುತ್ತೇವೆ. ಹಿಮ ನೋಡಬೇಕೆಂಬುದು ನಮ್ಮ ಬಹುದಿನದ ಆಸೆ. ಆದರೆ ಮಗಳು, "ಅಮ್ಮಾ, ಇಲ್ಲಿ ಬರೀ ಮಳೆ, ಹಿಮ ಅಪರೂಪ, ಬೇಸಿಗೆಯಲ್ಲಿ ಬನ್ನಿ" ಎನ್ನುತ್ತಿದ್ದಾಳೆ. ಪ್ರವಾಸವನ್ನು ಮುಂದೂಡುವುದು ಒಳ್ಳೆಯದೇ?
– ಓದುಗರೊಬ್ಬರು, ಜಯನಗರ

ಮುಂದೂಡಬೇಡಿ. ನಿಮ್ಮ ಮಗಳ ಮಾತು ಊರಿನ ಮಟ್ಟಿಗೆ ನಿಜ, ಊರಿನ ಎದುರಿಗೇ ನಿಂತಿರುವ ಬೆಟ್ಟಗಳ ಮಟ್ಟಿಗೆ ನಿಜವಲ್ಲ. ವ್ಯಾಂಕೂವರ್ ಇರುವುದು ಸಮುದ್ರಮಟ್ಟದಲ್ಲಿ. ಪೆಸಿಫಿಕ್ ಸಾಗರದ ಗಾಳಿ ಅದನ್ನು ಹದವಾಗಿ ಇಟ್ಟಿರುವುದರಿಂದ ಡಿಸೆಂಬರಿನಲ್ಲಿಯೂ ಹಗಲಿನ ಉಷ್ಣತೆ ಸಾಮಾನ್ಯವಾಗಿ 6 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಳನಾಡಿನ ವಿನಿಪೆಗ್‌ನಂತೆ ವಾರಗಟ್ಟಲೆ ಶೂನ್ಯದ ಕೆಳಗೆ ಇಳಿದು ಕೂರುವುದಿಲ್ಲ. ಹಾಗೆಂದು ಹಗುರವಾಗಿಯೂ ಎಣಿಸಬೇಡಿ: ಬೆಂಗಳೂರಿನ ದಾಖಲೆಯ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ನಮ್ಮ ಊರು ಇತಿಹಾಸದಲ್ಲಿ ಒಮ್ಮೆ ಕಂಡ ಚಳಿಗಿಂತ ಅಲ್ಲಿನ ಮಾಮೂಲಿ ಮಧ್ಯಾಹ್ನವೇ ತಣ್ಣಗಿರುತ್ತದೆ.

ಅರಬ್ಬೀ ಸಮುದ್ರದ ಮೋಡಗಳು ಪಶ್ಚಿಮ ಘಟ್ಟವನ್ನು ಏರಲು ಹೋಗಿ ಆಗುಂಬೆಯಲ್ಲಿ ಸುರಿದುಬಿಡುವುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದೇ ಆಟ ಅಲ್ಲಿ ಚಳಿಗಾಲದಲ್ಲಿ ನಡೆಯುತ್ತದೆ. ವ್ಯಾಂಕೂವರಿನ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ ಸುಮಾರು 1,190 ಮಿಲಿಮೀಟರ್ ಮಳೆಯಾದರೆ, ಕೊಲ್ಲಿಯ ಆಚೆ ಬೆಟ್ಟದ ಬುಡದಲ್ಲಿರುವ ನಾರ್ತ್ ವ್ಯಾಂಕೂವರಿನ ಕೆಲವು ಭಾಗಗಳಲ್ಲಿ ಅದು 2,000 ಮಿಲಿಮೀಟರ್ ದಾಟುತ್ತದೆ. ಇನ್ನು ಎತ್ತರ ಏರಿದಂತೆ, ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಮಗಳ ಮನೆಯ ಬಾಲ್ಕನಿಯಲ್ಲಿ 6 ಡಿಗ್ರಿಯ ಜಿಟಿಜಿಟಿ ಮಳೆ ಹಿಡಿದುಕೊಂಡಿದ್ದರೆ, ನಾರ್ತ್ ವ್ಯಾಂಕೂವರಿನ ಗ್ರೌಸ್ ಬೆಟ್ಟದಲ್ಲಿ 1,100 ಮೀಟರ್ ಎತ್ತರಕ್ಕೆ ಹೋಗುವಷ್ಟರಲ್ಲಿ ಅದೇ ಮೋಡ ಹಿಮವನ್ನು ಸುರಿಸುತ್ತಿರುತ್ತದೆ. ಆದ್ದರಿಂದ ಊರಿನ ಮಳೆಯನ್ನು ಪ್ರವಾಸದ ವಿಘ್ನವೆಂದು ತಿಳಿಯದೆ, ನಿಮಗಾಗಿ ಮೇಲೆ ಹಿಮ ತಯಾರಾಗುತ್ತಿರುವ ಸೂಚನೆಯೆಂದು ತಿಳಿಯಿರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವೊಮ್ಮೆ ಹವಾಯಿ ದ್ವೀಪಗಳ ಕಡೆಯಿಂದ ಬಿಸಿ, ತೇವದ ಗಾಳಿಯ ಹೊಳೆಯೇ ಹರಿದುಬರುತ್ತದೆ. ಅಲ್ಲಿನವರು ಅದನ್ನು ಪೈನಾಪಲ್ ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ. ಆಗ ಬೆಟ್ಟದ ಮೇಲೂ ಮಳೆಯೇ ಬಿದ್ದು, ಇದ್ದ ಹಿಮವೂ ಕರಗುತ್ತದೆ. ವ್ಯಾಂಕೂವರಿನಲ್ಲಿ ನಡೆದ 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೈಪ್ರೆಸ್ ಬೆಟ್ಟದ ಸ್ಪರ್ಧೆಗಳಿಗೆ ಹಿಮ ಸಾಲದೆ, ಲಾರಿಗಳಲ್ಲಿಯೂ ಹೆಲಿಕಾಪ್ಟರಿನಲ್ಲಿಯೂ ಹೊತ್ತು ತಂದು ಹಾಸಬೇಕಾಯಿತು. ಹೀಗಾಗಿ ಬೆಂಗಳೂರಿನಲ್ಲಿ ಕುಳಿತೇ ದಿನ ಗೊತ್ತುಮಾಡಿ ಬೆಟ್ಟದ ಟಿಕೆಟ್ ಕಾದಿರಿಸಬೇಡಿ. ನಿಮ್ಮ ಬಳಿ ಆರು ವಾರಗಳಿಗೂ ಹೆಚ್ಚು ಕಾಲಾವಕಾಶವಿದೆ, ಅದೇ ನಿಮ್ಮ ಬಂಡವಾಳ. ಬೆಟ್ಟದ ಹವಾಮಾನ ಮುನ್ಸೂಚನೆಯಲ್ಲಿ ಫ್ರೀಜಿಂಗ್ ಲೆವೆಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಅಂದರೆ ಯಾವ ಎತ್ತರದಲ್ಲಿ ಉಷ್ಣತೆ ಶೂನ್ಯ ಮುಟ್ಟುತ್ತದೆ ಎಂಬುದು. ಅದು 800 ಮೀಟರಿಗಿಂತ ಕೆಳಗಿದ್ದರೆ ಮಾರನೆಯ ಬೆಳಿಗ್ಗೆಯೇ ಹೊರಡಿ, 2,000 ಮೀಟರ್ ಎಂದಿದ್ದರೆ ಮನೆಯಲ್ಲಿ ಚಿತ್ರಾನ್ನ ಮಾಡಿಕೊಂಡು ಇನ್ನೊಂದು ದಿನಕ್ಕೆ ಕಾಯಿರಿ.

ನನ್ನ ತಂದೆಗೆ 72 ವರ್ಷ, ತಾಯಿಗೆ ಮೊಣಕಾಲು ನೋವು. ಸ್ಕೀಯಿಂಗ್ ನಮ್ಮಿಂದ ಆಗದ ಮಾತು. ಜೊತೆಗೆ ಎಂಟು ವರ್ಷದ ಮಗನಿದ್ದಾನೆ. ಇಂಥ ಕುಟುಂಬ ಹಿಮದಲ್ಲಿ ಮಾಡುವಂಥದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ರಾಜಾಜಿನಗರ

ಬೇಕಾದಷ್ಟಿದೆ. ಸ್ಕೀಯಿಂಗ್ ಬಾರದವರಿಗೆ ಬೆಟ್ಟದಲ್ಲಿ ಕೆಲಸವಿಲ್ಲ ಎಂಬುದು ಪ್ರವಾಸಿ ಕರಪತ್ರಗಳ ಚಿತ್ರಗಳಿಂದ ಹುಟ್ಟಿದ ತಪ್ಪು ಕಲ್ಪನೆ. ಗ್ರೌಸ್ ಬೆಟ್ಟವನ್ನು ಮೊದಲು ಆರಿಸಿಕೊಳ್ಳಿ, ಏಕೆಂದರೆ ಅಲ್ಲಿಗೆ ಕಾರು ಬೇಡ. ನಗರದ ಮಧ್ಯದ ವಾಟರ್‌ಫ್ರಂಟ್ ನಿಲ್ದಾಣದಿಂದ ಸೀಬಸ್ ಎಂಬ ದೋಣಿ ಸುಮಾರು 12 ನಿಮಿಷಗಳಲ್ಲಿ ಕೊಲ್ಲಿ ದಾಟಿಸಿ ಲಾನ್ಸ್‌ಡೇಲ್ ಕೀಗೆ ಬಿಡುತ್ತದೆ. ಅಲ್ಲಿಂದ 236ನೇ ಸಂಖ್ಯೆಯ ಬಸ್ಸು ಬೆಟ್ಟದ ಬುಡಕ್ಕೆ ಹೋಗುತ್ತದೆ, ಮುಂದಿನದು ಕೇಬಲ್ ಕಾರ್. ನಿಮ್ಮ ತಾಯಿಯವರು ಒಂದು ಮೆಟ್ಟಿಲನ್ನೂ ಕಷ್ಟಪಟ್ಟು ಹತ್ತದೆ ಹಿಮದ ನಡುವೆ ಇಳಿಯಬಹುದು, ಬೆಚ್ಚನೆಯ ಉಪಾಹಾರಗೃಹದ ಗಾಜಿನ ಗೋಡೆಯ ಬಳಿ ಕುಳಿತು ಬಿಸಿ ಚಾಕೊಲೇಟ್ ಕುಡಿಯುತ್ತ ಮೊಮ್ಮಗನ ಆಟ ನೋಡಬಹುದು. ಕೇಬಲ್ ಕಾರ್ ಮೋಡದೊಳಗೆ ನುಗ್ಗಿ ಎರಡು ನಿಮಿಷ ಏನೂ ಕಾಣದಂತಾಗಿ, ಆಮೇಲೆ ಒಮ್ಮೆಲೇ ಬೆಳ್ಳಗಾದ ದೇವದಾರು ಜಾತಿಯ ಮರಗಳ ತುದಿಗಳು ಮೇಲೇಳುವ ಆ ಗಳಿಗೆಗಾಗಿಯಾದರೂ, ಕೆಳಗೆ ಮಳೆ ಇರುವ ದಿನವೇ ಹೋಗಬೇಕೆಂದು ನನ್ನ ಸಲಹೆ.

ನಿಮಗೂ ನಿಮ್ಮ ತಂದೆಯವರಿಗೂ ಸ್ನೋಶೂ ತಕ್ಕುದಾಗಿದೆ. ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಹಾವುಗೆಯಂಥ ಈ ಸಾಧನ ಮೈಭಾರವನ್ನು ಹರಡಿ ಕಾಲು ಹಿಮದಲ್ಲಿ ಹೂತುಹೋಗದಂತೆ ತಡೆಯುತ್ತದೆ. ಬಾಡಿಗೆಗೆ ಸಿಗುತ್ತದೆ, ಕಲಿಯಲು ಹತ್ತು ನಿಮಿಷ ಸಾಕು. ಲಾಲ್‌ಬಾಗಿನಲ್ಲಿ ದಿನವೂ ವಾಯುವಿಹಾರ ಮಾಡುವವರು ಅರ್ಧ ಗಂಟೆ ಧಾರಾಳವಾಗಿ ನಡೆಯಬಲ್ಲರು. ಮಗನಿಗೆ ಸೀಮೋರ್ ಬೆಟ್ಟದಲ್ಲಿ ಜಾರುಬಂಡಿಗೂ ರಬ್ಬರ್ ಟ್ಯೂಬಿನ ಮೇಲೆ ಕುಳಿತು ಜಾರುವುದಕ್ಕೂ ಪ್ರತ್ಯೇಕ ಜಾಗಗಳಿವೆ.

ಬೆಟ್ಟ ಹತ್ತಲಾಗದ ದಿನಕ್ಕೆ ನಗರದ ನಡುವೆ ರಾಬ್ಸನ್ ಸ್ಕ್ವೇರಿನ ಹಿಮಗಟ್ಟಿಯ ಅಂಗಳವಿದೆ. ಅಲ್ಲಿ ಸ್ಕೇಟಿಂಗ್‌ಗೆ ಪ್ರವೇಶ ಉಚಿತ, ಸ್ಕೇಟುಗಳಿಗೆ ಮಾತ್ರ ಬಾಡಿಗೆ. ಮೇಲೆ ಸೂರು ಇರುವುದರಿಂದ ಮಳೆಯ ಚಿಂತೆಯಿಲ್ಲ.

ಅಲ್ಲಿನ ಚಳಿಗೆಂದು ಎರಡು ದಪ್ಪ ಸ್ವೆಟರ್, ಒಂದು ಮಂಕಿ ಕ್ಯಾಪ್, ಒಳ್ಳೆಯ ಕೊಡೆ ಇಟ್ಟುಕೊಂಡಿದ್ದೇನೆ. ನಾನು ಸೀರೆಯನ್ನೇ ಉಡುವವಳು. ಇಷ್ಟು ಸಾಕೇ?
– ಓದುಗರೊಬ್ಬರು, ಬಸವನಗುಡಿ

ಸಾಲದು. ಅಲ್ಲಿ ಮೈ ಕೊರೆಯುವುದು ಚಳಿಗಿಂತ ಹೆಚ್ಚಾಗಿ ಒದ್ದೆ. ಹತ್ತಿಬಟ್ಟೆ ಒಮ್ಮೆ ನೆನೆದರೆ ಸುಲಭವಾಗಿ ಒಣಗುವುದಿಲ್ಲ, ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ನಾನು ಮೊದಲ ಸಲ ಬೆಟ್ಟಕ್ಕೆ ಜೀನ್ಸ್ ಪ್ಯಾಂಟಿನಲ್ಲಿ ಹೋಗಿ, ಮೊಣಕಾಲಿನವರೆಗೆ ನೆನೆದು, ವಾಪಸು ಬರುವ ಬಸ್ಸಿನಲ್ಲಿ ನಡುಗುತ್ತ ಕುಳಿತಿದ್ದಾಗ, ಪಕ್ಕದ ಅಜ್ಜಿಯೊಬ್ಬರು ತಮ್ಮ ಫ್ಲಾಸ್ಕಿನ ಚಹಾ ಕೊಟ್ಟು ಈ ಪಾಠ ಹೇಳಿದರು. ಮೈಗೆ ತಾಗುವಂತೆ ಉಣ್ಣೆಯ ಅಥವಾ ಕೃತಕ ನೂಲಿನ ಥರ್ಮಲ್ ಒಳಉಡುಪು, ಅದರ ಮೇಲೆ ನಿಮ್ಮ ಸ್ವೆಟರ್, ಎಲ್ಲದರ ಮೇಲೆ ತಲೆಗವಸಿರುವ, ನೀರು ನುಗ್ಗದ ಜಾಕೆಟ್ ಎಂಬ ಮೂರು ಪದರಗಳು ಬೇಕು. ಜಾಕೆಟ್ಟನ್ನೂ ನೀರು ಹೋಗದ ಬೂಟನ್ನೂ ಅಲ್ಲಿಯೇ ಕೊಳ್ಳುವುದು ಲೇಸು. ಇಲ್ಲಿ ಸಿಗುವ ಹೆಚ್ಚಿನವು ನಮ್ಮ ಚಳಿಗಾಗಿ ಹೊಲಿದವು.

ಊರಿನೊಳಗೆ ಸೀರೆಗೆ ಅಡ್ಡಿಯಿಲ್ಲ. ಒಳಗೆ ಥರ್ಮಲ್ ಪ್ಯಾಂಟು ತೊಟ್ಟು, ನೆರಿಗೆಯನ್ನು ಕಣಕಾಲಿಗಿಂತ ತುಸು ಮೇಲಕ್ಕೆ ಉಟ್ಟರೆ ಅಂಚು ನೆನೆಯುವುದಿಲ್ಲ. ಬೆಟ್ಟಕ್ಕೆ ಮಾತ್ರ ಪ್ಯಾಂಟೇ ಸರಿ. ಕೊಡೆ ತೆಗೆದುಕೊಂಡು ಹೋಗಿ, ಗಾಳಿಗೆ ಅದು ಮಗುಚಿದರೆ ಬೇಸರಿಸಬೇಡಿ. ಮಂಕಿ ಕ್ಯಾಪನ್ನು ನೋಡಿ ನಗುವವರು ಅಲ್ಲಿ ಯಾರೂ ಇಲ್ಲ.

ಅಲ್ಲಿ ಓದುತ್ತಿರುವ ನನ್ನ ಮಗ ಸ್ನೇಹಿತರೊಂದಿಗೆ ಕಾರು ಬಾಡಿಗೆಗೆ ಪಡೆದು ವಿಸ್ಲರ್‌ಗೆ ಹೋಗುವುದಾಗಿಯೂ, ದಾರಿಯಲ್ಲಿ ಚಾರಣ ಮಾಡುವುದಾಗಿಯೂ ಹೇಳುತ್ತಿದ್ದಾನೆ. ಬಿಡಬಹುದೇ?
– ಓದುಗರೊಬ್ಬರು, ವಿಜಯನಗರ

ವಿಸ್ಲರ್‌ಗೆ ಬಿಡಿ, ಚಳಿಗಾಲದ ಚಾರಣಕ್ಕೆ ಮಾತ್ರ ಕೆಲವು ಪ್ರಶ್ನೆ ಕೇಳಿಯೇ ಬಿಡಿ. ಸ್ಕೀಯಿಂಗಿಗೆ ಹೆಸರಾದ ಬೆಟ್ಟದೂರು ವಿಸ್ಲರ್ ವ್ಯಾಂಕೂವರಿನಿಂದ ಸುಮಾರು 120 ಕಿಲೋಮೀಟರ್, ಒಳ್ಳೆಯ ಹವೆಯಲ್ಲಿ ಎರಡು ಗಂಟೆಯ ದಾರಿ. ಸಮುದ್ರದ ಅಂಚಿನಲ್ಲಿ ಸಾಗುವ ಆ 99ನೇ ಹೆದ್ದಾರಿಯಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಕಡ್ಡಾಯ. ಬಾಡಿಗೆ ಕಾರಿನಲ್ಲಿ ಅದು ಇದೆಯೆಂದು ಕೇಳಿ ಖಾತರಿಪಡಿಸಿಕೊಳ್ಳಲಿ. ಹಿಮದ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಬಸ್ಸು ಉತ್ತಮ. ಅಲ್ಲಿ ತಪ್ಪಿಸಿಕೊಳ್ಳಬಾರದ್ದು ಪೀಕ್ ಟು ಪೀಕ್ ಗೊಂಡೋಲ. 2008ರಲ್ಲಿ ಆರಂಭವಾದ ಇದು ಎರಡು ಬೆಟ್ಟಗಳ ನಡುವಿನ 4.4 ಕಿಲೋಮೀಟರ್ ದೂರವನ್ನು, ಕಣಿವೆಯಿಂದ 436 ಮೀಟರ್ ಎತ್ತರದವರೆಗೆ ತೂಗುತ್ತ ದಾಟುತ್ತದೆ.

ಚಾರಣದ ವಿಷಯ ಬೇರೆ. ನಂದಿಬೆಟ್ಟ, ಸಾವನದುರ್ಗ ಹತ್ತಿದ ಹುಮ್ಮಸ್ಸು ಅಲ್ಲಿ ಕೆಲಸಕ್ಕೆ ಬಾರದು. ಡಿಸೆಂಬರ್ ಕೊನೆಯಲ್ಲಿ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಬೇಸಿಗೆಯಲ್ಲಿ ಜನಜಂಗುಳಿ ಇರುವ ಗ್ರೌಸ್ ಗ್ರೈಂಡ್ ಕಾಲುದಾರಿಯನ್ನು ಚಳಿಗಾಲದಲ್ಲಿ ಮುಚ್ಚುವುದಕ್ಕೆ ಕಾರಣವಿದೆ: ಹಿಮಗಟ್ಟಿ ಮತ್ತು ಹಿಮಕುಸಿತ. ಅವಲಾಂಚ್ ಕೆನಡಾ ಸಂಸ್ಥೆ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆ ಪ್ರಕಟಿಸುತ್ತದೆ. ಅದನ್ನು ಓದಿದ್ದಾನೆಯೇ, ತಲೆಗೆ ಕಟ್ಟುವ ದೀಪ ಇದೆಯೇ, ಎಷ್ಟು ಹೊತ್ತಿಗೆ ವಾಪಸು ಬರುತ್ತೇನೆಂದು ಊರಿನಲ್ಲಿ ಒಬ್ಬರಿಗಾದರೂ ಹೇಳಿದ್ದಾನೆಯೇ ಎಂದು ಕೇಳಿ. ಮೂರಕ್ಕೂ ಹೌದು ಎನ್ನದಿದ್ದರೆ, ಗುರುತು ಹಾಕಿದ ಸ್ನೋಶೂ ದಾರಿಗಳಲ್ಲಿಯೇ ತಿರುಗಲಿ.

ಬೆಟ್ಟದ ಮೇಲೂ ಮಳೆ, ಊರಿನಲ್ಲೂ ಮಳೆ, ನಾಲ್ಕು ಗಂಟೆಗೇ ಕತ್ತಲು ಎಂದಾದರೆ ಮನೆಯಲ್ಲೇ ಕೂರಬೇಕೇ?
– ಓದುಗರೊಬ್ಬರು, ಮಲ್ಲೇಶ್ವರ

ಅಲ್ಲಿನವರು ಕೂರುವುದಿಲ್ಲ. ನಮ್ಮ ಸೆಪ್ಟೆಂಬರ್ ಮಳೆ ಒಂದು ಗಂಟೆ ಸುರಿದು ರಸ್ತೆ ಮುಳುಗಿಸುವಂಥದ್ದು, ಅವರ ಮಳೆ ಹೆಚ್ಚಾಗಿ ದಿನವಿಡೀ ಸೋನೆಯಾಗಿ ಹಿಡಿದುಕೊಳ್ಳುವಂಥದ್ದು. ಜಾಕೆಟ್ ಸರಿಯಿದ್ದರೆ ನಡೆಯಬಹುದು. ಸ್ಟ್ಯಾನ್ಲಿ ಪಾರ್ಕನ್ನು ಸುತ್ತುವ ಕಡಲಂಚಿನ ದಾರಿ ಒಂಬತ್ತು ಕಿಲೋಮೀಟರಿಗೂ ಮಿಗಿಲು, ಆದರೆ ಪೂರ್ತಿ ನಡೆಯಲೇಬೇಕೆಂದಿಲ್ಲ. ಕ್ವೀನ್ ಎಲಿಜಬೆತ್ ಪಾರ್ಕಿನ ಬ್ಲೋಡೆಲ್ ಗುಮ್ಮಟದೊಳಗೆ ಉಷ್ಣವಲಯದ ಗಿಡಗಳೂ ನೂರಕ್ಕೂ ಹೆಚ್ಚು ಹಕ್ಕಿಗಳೂ ಇವೆ. ಮೂರು ವಾರ ಬೂದುಬಣ್ಣದ ಆಕಾಶ ನೋಡಿದ ಮೇಲೆ ಅಲ್ಲಿ ಬಾಳೆಗಿಡದ ಕೆಳಗೆ ಬೆಚ್ಚಗೆ ನಿಂತರೆ ಊರಿಗೆ ಬಂದಂತಾಗುತ್ತದೆ. ಕತ್ತಲು ಬೇಗ ಆಗುವುದರಿಂದ ದೀಪಾಲಂಕಾರಗಳಿಗೆ ಚಿಕ್ಕ ಮಕ್ಕಳನ್ನೂ ನಿದ್ದೆಗೆಡಿಸದೆ ಕರೆದೊಯ್ಯಬಹುದು: ವ್ಯಾನ್‌ಡ್ಯೂಸನ್ ಸಸ್ಯೋದ್ಯಾನದ್ದು ಟಿಕೆಟ್ ಇರುವಂಥದ್ದು, ಕೊಕ್ವಿಟ್ಲಮ್‌ನ ಲಫಾರ್ಜ್ ಕೆರೆಯ ಸುತ್ತಲಿನದು ಉಚಿತ, ಅದರ ಪಕ್ಕದಲ್ಲೇ ಸ್ಕೈಟ್ರೇನ್ ಎಂಬ ಅಲ್ಲಿನ ಮೆಟ್ರೋ ರೈಲಿನ ನಿಲ್ದಾಣವಿದೆ.

ಬಿಸಿಲೇ ಬೇಕೆಂದಾದರೆ ದೋಣಿ ಹತ್ತಿ ವಿಕ್ಟೋರಿಯಾಕ್ಕೆ ಹೋಗಿ. ಟ್ಸವಾಸನ್ ಬಂದರಿನಿಂದ ಸ್ವಾರ್ಟ್ಜ್ ಬೇ ಬಂದರಿಗೆ ಒಂದು ಗಂಟೆ ಮೂವತ್ತೈದು ನಿಮಿಷದ ಪಯಣ, ಅಲ್ಲಿಂದ ಊರಿಗೆ ಬಸ್ಸು. ಅಮೆರಿಕದ ಒಲಿಂಪಿಕ್ ಪರ್ವತಗಳ ಮಳೆನೆರಳಿನಲ್ಲಿರುವ ಆ ಊರಿಗೆ, ಘಟ್ಟದ ಹಿಂದಿನ ಚಿತ್ರದುರ್ಗದ ಹಾಗೆ, ಮಳೆಯ ಪಾಲು ಬಹಳ ಕಡಿಮೆ.

ನಾನು ಹೆಬ್ಬಾಳ ಕೆರೆಯಲ್ಲಿ ಹಕ್ಕಿ ನೋಡುವವನು. ಚಳಿಗಾಲದಲ್ಲಿ ಅಲ್ಲಿ ಹಕ್ಕಿಗಳಿರುತ್ತವೆಯೇ?
– ಓದುಗರೊಬ್ಬರು, ಗಂಗಾನಗರ

ನಿಮ್ಮ ಪಾಲಿಗೆ ಅದೇ ಸರಿಯಾದ ಕಾಲ. ವ್ಯಾಂಕೂವರಿನ ದಕ್ಷಿಣಕ್ಕಿರುವ ಡೆಲ್ಟಾ ಎಂಬ ಊರಿನ ರೈಫಲ್ ಪಕ್ಷಿಧಾಮದ ಸುತ್ತಮುತ್ತ, ರಷ್ಯಾದ ರಾಂಗೆಲ್ ದ್ವೀಪದಿಂದ ಹಾರಿಬರುವ ಹಿಮಬಾತುಗಳು ಗದ್ದೆ ತುಂಬ ಇಳಿಯುತ್ತವೆ. ಅಲ್ಲಿಗೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಅದಕ್ಕಿಂತ ದೊಡ್ಡ ನೋಟ ವಿಸ್ಲರ್ ದಾರಿಯಲ್ಲಿರುವ ಸ್ಕ್ವಾಮಿಶ್ ಬಳಿಯ ಬ್ರಾಕೆಂಡೇಲ್‌ನಲ್ಲಿದೆ. ಮೊಟ್ಟೆಯಿಡಲು ನದಿ ಏರಿ ಬಂದು ಸಾಯುವ ಸಾಲ್ಮನ್ ಮೀನುಗಳನ್ನು ತಿನ್ನಲು ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದುಗಳು ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಸೇರುತ್ತವೆ. 1994ರ ಗಣತಿಯಲ್ಲಿ ಒಂದೇ ದಿನ 3,769 ಹದ್ದುಗಳು ಸಿಕ್ಕಿದ್ದವು. ಈಗ ಅಷ್ಟು ಕಾಣುವುದಿಲ್ಲ. ಆದರೂ ಎಲೆ ಉದುರಿದ ಒಂದೇ ಮರದಲ್ಲಿ ಹತ್ತಾರು ಹದ್ದುಗಳು ರೆಕ್ಕೆ ನೆನೆಸಿಕೊಂಡು ಸುಮ್ಮನೆ ಕೂತಿರುವುದನ್ನು ನಾನೇ ಕಂಡಿದ್ದೇನೆ.

ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ ಯಾವುದಾದರೂ ಶನಿವಾರ ಅಥವಾ ಭಾನುವಾರ ಬೆಳಿಗ್ಗೆ ಹೋದರೆ, ಈಗಲ್ ರನ್ ಎಂಬ ನದಿಯ ಏರಿಯ ಮೇಲೆ ಸ್ವಯಂಸೇವಕರು ದೂರದರ್ಶಕ ಇಟ್ಟುಕೊಂಡು ತೋರಿಸುತ್ತಾರೆ. ಏರಿಯಿಂದ ಕೆಳಗಿಳಿದು ನದಿಯ ಹತ್ತಿರ ಹೋಗಬೇಡಿ. ಚಳಿಯಲ್ಲಿ ತಿನ್ನುತ್ತಿರುವ ಹಕ್ಕಿಯನ್ನು ಎಬ್ಬಿಸಿದರೆ ಅದು ತಿಂದದ್ದೆಲ್ಲ ಹಾರಾಟಕ್ಕೇ ಖರ್ಚಾಗುತ್ತದೆ. ದುರ್ಬೀನಿನ ಗಾಜು ಒರೆಸಲು ಒಣಬಟ್ಟೆಗಳನ್ನು ಎರಡು ಹೆಚ್ಚಾಗಿಯೇ ಇಟ್ಟುಕೊಳ್ಳಿ.